ಆಡಿಟರ್ ಆಫೀಸಿಗೆ ಮೊದಲ ಸರ್ವರ್: ಖರೀದಿಯಿಂದ ಬ್ಯಾಕಪ್‌ವರೆಗೆ

ಜಿಎಸ್‌ಟಿ ರಿಟರ್ನ್‌ಗೆ ನಾಳೆ ಕೊನೆ ದಿನ. ಬೇಕಾದ ಎಕ್ಸೆಲ್ ಫೈಲ್ ಇರುವುದು ರಜೆ ಹಾಕಿದವರ ಕಂಪ್ಯೂಟರ್‌ನಲ್ಲಿ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದೆ, ವಾಟ್ಸಾಪ್‌ನಲ್ಲಿ ಮತ್ತೊಂದು. ಮೂರಕ್ಕೂ ‘ಫೈನಲ್’ ಅಂತಲೇ ಹೆಸರು. ಯಾವುದು ಸರಿ ಅಂತ ಹೇಳಬೇಕಾದವರು ಫೋನ್ ಎತ್ತುತ್ತಿಲ್ಲ. ಆಡಿಟರ್ ಅಥವಾ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಈ ಪಾಡು ಚೆನ್ನಾಗಿ ಗೊತ್ತು.

ಕಂಪ್ಯೂಟರ್‌ಗಳು ಐದು ದಾಟಿದ ಮೇಲೆ ಫೈಲ್‌ಗಳಿಗೆ ಒಂದು ಮನೆ, ಅಂದರೆ ಸರ್ವರ್, ಬೇಕೇ ಬೇಕು. ಈ ಬರಹ ಐದರಿಂದ ಹತ್ತು ಕಂಪ್ಯೂಟರ್ ಇರುವ, ಐಟಿ ಕೆಲಸಕ್ಕೆ ಅಂತ ಬೇರೆ ಜನ ಇಲ್ಲದ ಆಫೀಸಿಗೆ. ಆಡಿಟರ್ ಆಫೀಸನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಕ್ಲಿನಿಕ್, ಪ್ರಿಂಟಿಂಗ್ ಪ್ರೆಸ್, ಹೋಲ್‌ಸೇಲ್ ಅಂಗಡಿಗೂ ಮುಕ್ಕಾಲು ಪಾಲು ಇದೇ ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸರ್ವರ್‌ಗೆ ಒಂದೇ ಕೆಲಸ ಕೊಡಿ: ಫೈಲ್ ಇಡುವುದು, ಅದನ್ನು ಕಾಯುವುದು. ಅದರ ಮೇಲೆ ಇಮೇಲ್, ವೆಬ್‌ಸೈಟ್, ಸಿಸಿಟಿವಿ ರೆಕಾರ್ಡಿಂಗ್ ಎಲ್ಲ ಹೇರಬೇಡಿ. ಕಾಯುವುದು ಅಂದರೆ, ಕಳೆದುಹೋದ ಫೈಲನ್ನು ಯಾವಾಗ ಕೇಳಿದರೂ ವಾಪಸ್ ಕೊಡುವುದು. ಅದು ಕೈಲಾಗದಿದ್ದರೆ ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಪ್ರಯೋಜನವಿಲ್ಲ.

ಏನು ಕೊಳ್ಳಬೇಕು

ದಾರಿಗಳು ಮೂರಿವೆ. ಇರುವ ಒಂದು ವಿಂಡೋಸ್ ಕಂಪ್ಯೂಟರ್‌ನಲ್ಲೇ ಫೋಲ್ಡರ್ ಶೇರ್ ಮಾಡುವುದು ಒಂದು. ಹಳೆ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕಿ, ಸಾಂಬಾ ಎಂಬ ಸಾಫ್ಟ್‌ವೇರ್ ಮೂಲಕ ಶೇರ್ ಮಾಡುವುದು ಇನ್ನೊಂದು. ನ್ಯಾಸ್ ಅಂತ ಸಿಗುವ, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಲೆಂದೇ ಮಾಡಿದ, ಎರಡು ಹಾರ್ಡ್‌ಡಿಸ್ಕ್ ಹಿಡಿಯುವ ಸಿದ್ಧ ಪೆಟ್ಟಿಗೆ ತರುವುದು ಮೂರನೆಯದು.

ಮೊದಲ ದಾರಿಗೆ ಖರ್ಚಿಲ್ಲ. ಆದರೆ ಆ ಕಂಪ್ಯೂಟರ್ ಮುಂದೆ ಯಾರೋ ಕೂತು ಕೆಲಸ ಮಾಡುತ್ತಿರುತ್ತಾರೆ. ಅವರು ಸಂಜೆ ಅದನ್ನು ಆಫ್ ಮಾಡಿ ಹೋದರೆ ಉಳಿದವರ ಫೈಲ್‌ಗಳೂ ಆಫ್. ಅವರು ಯಾವುದೋ ಅಟ್ಯಾಚ್‌ಮೆಂಟ್ ತೆರೆದರೆ ವೈರಸ್ ನೇರವಾಗಿ ಎಲ್ಲರ ಫೈಲ್ ಮೇಲೆ ಬಂದು ಕೂರುತ್ತದೆ. ಸಾಂಬಾ ನಿಜಕ್ಕೂ ಗಟ್ಟಿ ಸಾಫ್ಟ್‌ವೇರ್. 1992ರಿಂದ ಬಳಕೆಯಲ್ಲಿದೆ, ಎಷ್ಟೋ ನ್ಯಾಸ್ ಪೆಟ್ಟಿಗೆಗಳ ಒಳಗೂ ಇರುವುದು ಅದೇ. ಆದರೆ ಲಿನಕ್ಸ್ ಬಲ್ಲವರು ಆಫೀಸಿನಲ್ಲೇ ಇರಬೇಕು. ಹಾಕಿಕೊಟ್ಟ ಹುಡುಗ ಊರು ಬಿಟ್ಟ ದಿನ ನೀವು ಒಂಟಿ.

ಹಾಗಾಗಿ ನನ್ನ ಸಲಹೆ ನ್ಯಾಸ್. ಸಿನಾಲಜಿ, ಕ್ಯೂನ್ಯಾಪ್ ಮುಂತಾದ ಕಂಪನಿಗಳ ಎರಡು ಡಿಸ್ಕ್‌ನ ಮಾಡೆಲ್ ಸಾಕು. ಬ್ರೌಸರ್‌ನಲ್ಲೇ ತೆರೆದು ಎಲ್ಲ ಸೆಟ್ಟಿಂಗ್ ಮಾಡಬಹುದು. ಕೊಳ್ಳುವಾಗ ಒಂದು ವಿಷಯ ಮಾತ್ರ ಒತ್ತಿ ಕೇಳಿ: ಸ್ನ್ಯಾಪ್‌ಶಾಟ್ ಸೌಲಭ್ಯ ಇದೆಯಾ? ತೀರಾ ಅಗ್ಗದ ಮಾಡೆಲ್‌ಗಳಲ್ಲಿ ಅದು ಇರುವುದಿಲ್ಲ. ಅದು ಯಾಕೆ ಬೇಕು ಅಂತ ಮುಂದೆ ಗೊತ್ತಾಗುತ್ತದೆ.

ಡಿಸ್ಕ್ ಎಷ್ಟು ದೊಡ್ಡದು? ಎಲ್ಲ ಕಂಪ್ಯೂಟರ್‌ಗಳ ಕೆಲಸದ ಫೈಲ್‌ಗಳನ್ನು ಕೂಡಿಸಿ, ಮೂರರಿಂದ ಗುಣಿಸಿ. ಏಳು ಕಂಪ್ಯೂಟರ್‌ಗಳಲ್ಲಿ ತಲಾ 60 ಜಿಬಿ ಇದ್ದರೆ ಒಟ್ಟು 420 ಜಿಬಿ, ಮೂರು ಪಟ್ಟು ಅಂದರೆ ಸುಮಾರು 1.3 ಟಿಬಿ. 2 ಟಿಬಿಯ ಎರಡು ಡಿಸ್ಕ್ ಸಾಕು. ಕೈಗೆಟುಕಿದರೆ 4 ಟಿಬಿಯ ಎರಡು ತನ್ನಿ. ಎರಡನ್ನೂ ಒಂದರ ನೆರಳು ಇನ್ನೊಂದು ಎನ್ನುವಂತೆ ಜೋಡಿಸುತ್ತೇವೆ. ಇದಕ್ಕೆ ರೇಡ್ 1 ಅನ್ನುತ್ತಾರೆ. ಎರಡು 4 ಟಿಬಿ ಸೇರಿ ನಿಮಗೆ ಸಿಗುವ ಜಾಗ 4 ಟಿಬಿಯೇ.

ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್ ಬೇಡ, ಹಗಲೂ ರಾತ್ರಿ ಓಡಲೆಂದೇ ಮಾಡಿದ ನ್ಯಾಸ್ ಡಿಸ್ಕ್ ಕೇಳಿ. ಡಿಸ್ಕ್ ಮೇಲೆ ಬರೆಯುವ ವಿಧಾನ ಎರಡು ಬಗೆ; ಸ್ಪೆಸಿಫಿಕೇಶನ್‌ನಲ್ಲಿ ಸಿಎಂಆರ್ ಅಂತ ಇರಲಿ. ಎಸ್‌ಎಂಆರ್ ಅಂತಿದ್ದರೆ ಬಿಟ್ಟುಬಿಡಿ. ಒಂದು ಡಿಸ್ಕ್ ಕೆಟ್ಟು ಹೊಸದು ಹಾಕಿದಾಗ, ಎಸ್‌ಎಂಆರ್ ಡಿಸ್ಕ್‌ಗೆ ಎಲ್ಲ ತುಂಬಿಸುವಷ್ಟರಲ್ಲಿ ತಾಳ್ಮೆ ಸತ್ತುಹೋಗುತ್ತದೆ. ನೀವು ಆರಿಸಿದ ಡಿಸ್ಕ್ ಆ ಪೆಟ್ಟಿಗೆಗೆ ಹೊಂದುತ್ತದಾ ಅಂತ ಕಂಪನಿಯ ಪಟ್ಟಿಯಲ್ಲೂ ನೋಡಿಕೊಳ್ಳಿ.

ಕೇಬಲ್ ಮತ್ತು ಸ್ವಿಚ್

ಜನ ಸರ್ವರ್‌ಗೆ ಸಾವಿರಾರು ರೂಪಾಯಿ ಸುರಿದು, ಕೇಬಲ್‌ನಲ್ಲಿ ಉಳಿಸಲು ಹೋಗುತ್ತಾರೆ. ಆಮೇಲೆ ‘ಸರ್ವರ್ ಸ್ಲೋ’ ಅಂತ ಕೊರಗುತ್ತಾರೆ.

ಎಲ್ಲ ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಅನ್ನುತ್ತಾರೆ. ಹಳೆ ಸ್ವಿಚ್ 100 ಎಂಬಿಪಿಎಸ್‌ನದಾಗಿದ್ದರೆ 1 ಜಿಬಿ ಫೈಲ್ ಹೋಗಲು ಒಂದೂವರೆ ನಿಮಿಷ ಬೇಕು. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಸ್ವಿಚ್‌ನಲ್ಲಿ ಹತ್ತು ಸೆಕೆಂಡು. ಎಂಟು ಪೋರ್ಟ್‌ನ ಸಾದಾ ಗಿಗಾಬಿಟ್ ಸ್ವಿಚ್ ಈಗ ದುಬಾರಿಯೇನಲ್ಲ. ಕಂಪ್ಯೂಟರ್ ಏಳಿದ್ದರೆ ಹದಿನಾರು ಪೋರ್ಟ್‌ನದೇ ತನ್ನಿ. ಪ್ರಿಂಟರ್, ರೌಟರ್, ನ್ಯಾಸ್ ಸೇರಿದರೆ ಎಂಟು ತುಂಬಿಹೋಗುತ್ತದೆ.

ಕೇಬಲ್ ಕ್ಯಾಟ್ 6 ಇರಲಿ, ಪೂರ್ತಿ ತಾಮ್ರದ್ದಾಗಿರಲಿ. ನಮ್ಮ ಅಂಗಡಿಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಧಾರಾಳವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಪರೀಕ್ಷೆ ಸುಲಭ. ಒಳಗಿನ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಆ ಬಂಡಲ್ ವಾಪಸ್ ಕೊಡಿ. ಕನೆಕ್ಟರ್ ಒತ್ತುವವರು ಎಂಟೂ ತಂತಿಗಳನ್ನು ಸರಿಯಾಗಿ ಕೂರಿಸಬೇಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಎರಡೂ ತುದಿಯಲ್ಲಿ ಇದೇ ಸಾಲು. ಒಂದು ತಂತಿ ಸಡಿಲವಾದರೂ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಇಂಟರ್‌ನೆಟ್ ನಡೆಯುತ್ತಿರುತ್ತದೆ, ಹಾಗಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ. ಕೆಲಸದವರು ಹೊರಡುವ ಮುಂಚೆ ಪ್ರತಿ ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್ ತೆರೆದು ಲಿಂಕ್ ಸ್ಪೀಡ್ 1000 ಇದೆಯಾ ಅಂತ ನೀವೇ ನೋಡಿ.

ರಸ್ತೆಯಾಚೆಗೋ ಪಕ್ಕದ ಕಟ್ಟಡಕ್ಕೋ ಸಂಪರ್ಕ ಬೇಕಾದರೆ ತಾಮ್ರದ ಕೇಬಲ್ ಹೊರಗೆ ಎಳೆಯಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಿಂಚಿಗೆ ಸ್ವಿಚ್, ನ್ಯಾಸ್ ಎರಡೂ ಸುಟ್ಟುಹೋಗಬಹುದು. ಅಲ್ಲಿಗೆ ಫೈಬರ್ ಹಾಕಿಸಿ.

ಕರೆಂಟು

ಆಫೀಸಿಗೆ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂತ ಕೇಳುತ್ತಾರೆ. ಸಾದಾ ಇನ್ವರ್ಟರ್ ಕರೆಂಟು ಬದಲಿಸುವ ಆ ಚಿಟಿಕೆ ಹೊತ್ತಿನಲ್ಲೇ ಡಿಸ್ಕ್ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಲ್ಲಬಹುದು. ಜೊತೆಗೆ, ಬ್ಯಾಟರಿ ಮುಗಿಯುತ್ತಿದೆ ಅಂತ ನ್ಯಾಸ್‌ಗೆ ಹೇಳುವ ದಾರಿ ಇನ್ವರ್ಟರ್‌ಗೆ ಇಲ್ಲ. ನ್ಯಾಸ್‌ಗೆ ಯುಎಸ್‌ಬಿ ಕೇಬಲ್‌ನಿಂದ ಜೋಡಿಸಬಹುದಾದ ಯುಪಿಎಸ್ ತನ್ನಿ. ಎರಡು ಡಿಸ್ಕ್‌ನ ನ್ಯಾಸ್ ತಿನ್ನುವ ಕರೆಂಟು ಕಡಿಮೆ, 600 ವಿಎ ಸಾಕು. ಆದರೆ ಅಗ್ಗದ ಮಾಡೆಲ್‌ಗಳಲ್ಲಿ ಆ ಯುಎಸ್‌ಬಿ ಪೋರ್ಟ್ ಇರುವುದಿಲ್ಲ. ಡಬ್ಬದ ಹಿಂಭಾಗ ತಿರುಗಿಸಿ ನೋಡಿಯೇ ದುಡ್ಡು ಕೊಡಿ.

ಸ್ವಿಚ್ ಮತ್ತು ರೌಟರ್ ಅನ್ನೂ ಅದೇ ಯುಪಿಎಸ್‌ಗೆ ಹಾಕಿ. ಕರೆಂಟು ಹೋಗಿ ಐದು ನಿಮಿಷವಾದರೆ ತಾನಾಗಿ ಮುಚ್ಚಿಕೊಳ್ಳುವಂತೆ ನ್ಯಾಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಹೇಳಿಡಿ. ಯುಪಿಎಸ್ ಬ್ಯಾಟರಿ ಎರಡು–ಮೂರು ವರ್ಷಕ್ಕೆ ಮುಗಿಯುತ್ತದೆ, ಹಾಕಿದ ತಿಂಗಳನ್ನು ಅದರ ಮೇಲೇ ಬರೆದಿಡಿ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ. ಹಳೆ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ.

ವಿಳಾಸ ಮತ್ತು ಹೆಸರು

ನ್ಯಾಸ್ ಆನ್ ಮಾಡಿ, ಸ್ವಿಚ್‌ಗೆ ಜೋಡಿಸಿ, ಬ್ರೌಸರ್‌ನಲ್ಲಿ ತೆರೆದು ರೇಡ್ 1 ಆರಿಸಿದರೆ ಮುಂದಿನದನ್ನು ಅದೇ ಕೇಳುತ್ತಾ ಹೋಗುತ್ತದೆ. ಇದರಲ್ಲಿ ಕಷ್ಟವೇನಿಲ್ಲ. ಡಿಸ್ಕ್‌ಗಳು ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ಗಂಟೆ ಹಿಡಿಯುತ್ತದೆ, ಬಿಟ್ಟುಬಿಡಿ.

ಎಡವುವುದು ವಿಳಾಸದಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೆ ರೌಟರ್ ಕೊಡುವ ಅಂಕಿಯಲ್ಲಿ. ಜಿಯೋ ರೌಟರ್ ಕೊಡುವ ವಿಳಾಸಗಳು 192.168.29 ಎಂದು ಶುರುವಾಗುತ್ತವೆ. ಬೇರೆ ಎಷ್ಟೋ ರೌಟರ್‌ಗಳದು 192.168.1 ಅಥವಾ 192.168.0. ನ್ಯಾಸ್‌ನ ಒಳಗೆ ಒಂದು ವಿಳಾಸವನ್ನು ಖಾಯಂ ಬರೆದಿಟ್ಟರೆ, ಇಂಟರ್‌ನೆಟ್ ಕಂಪನಿ ಬದಲಿಸಿದ ದಿನ ಇಡೀ ಆಫೀಸಿಗೆ ಸರ್ವರ್ ಕಾಣೆಯಾಗುತ್ತದೆ. ಹಾಗೆ ಮಾಡುವ ಬದಲು ರೌಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ, ಈ ನ್ಯಾಸ್‌ಗೆ ಯಾವಾಗಲೂ ಇದೇ ವಿಳಾಸ ಕೊಡು ಅಂತ ಕಾಯ್ದಿರಿಸಿ. ಕಂಪ್ಯೂಟರ್‌ಗಳಲ್ಲಿ ವಿಳಾಸದ ಅಂಕಿ ಬಳಸದೆ ಸರ್ವರ್‌ನ ಹೆಸರನ್ನೇ ಬಳಸಿ. ಆ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, 15 ಅಕ್ಷರದೊಳಗೆ, ನಡುವೆ ಜಾಗ ಬಿಡದೆ ಇರಲಿ.

ಯಾರು ಏನು ನೋಡಬಹುದು

ಎಲ್ಲರಿಗೂ ಒಂದೇ ಲಾಗಿನ್ ಕೊಟ್ಟುಬಿಡೋಣ ಅನ್ನಿಸುತ್ತದೆ. ಬೇಡ. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರಲಿ. ಆಡಿಟರ್ ಆಫೀಸಿಗೆ ಆರ್ಟಿಕಲ್ಸ್, ಅಂದರೆ ಸಿಎ ತರಬೇತಿಯ, ಹುಡುಗರು ಹುಡುಗಿಯರು ಬರುತ್ತಿರುತ್ತಾರೆ, ಹೋಗುತ್ತಿರುತ್ತಾರೆ. ಹೋದವರ ಲಾಗಿನ್ ಒಂದನ್ನು ನಿಲ್ಲಿಸಿದರೆ ಸಾಕು, ಉಳಿದವರ ಪಾಸ್‌ವರ್ಡ್ ಮುಟ್ಟಬೇಕಿಲ್ಲ. ಪ್ರಿಂಟರ್‌ನ ಸ್ಕ್ಯಾನ್ ಬಂದು ಬೀಳಲು ಪ್ರಿಂಟರ್‌ಗೂ ಒಂದು ಲಾಗಿನ್ ಮಾಡಿ. ಅದಕ್ಕೆ ‘ಸ್ಕ್ಯಾನ್’ ಫೋಲ್ಡರ್ ಬಿಟ್ಟು ಬೇರೇನೂ ಕಾಣಬಾರದು.

ಅನುಮತಿಯನ್ನು ವ್ಯಕ್ತಿಗಳಿಗೆ ಕೊಡದೆ ಗುಂಪಿಗೆ ಕೊಡಿ. ಎಲ್ಲರೂ, ಜಿಎಸ್‌ಟಿ, ಆಡಿಟ್, ಪಾರ್ಟ್‌ನರ್‌ಗಳು: ನಾಲ್ಕು ಗುಂಪು ಸಾಕು. ಮೇಲ್ಮಟ್ಟದ ಫೋಲ್ಡರ್‌ಗಳೂ ಬೆರಳೆಣಿಕೆಯಷ್ಟೇ ಇರಲಿ. ಗ್ರಾಹಕರ ಫೋಲ್ಡರ್ ಒಳಗೆ ಗ್ರಾಹಕರ ಹೆಸರು, ಅದರೊಳಗೆ ವರ್ಷ, ಅದರೊಳಗೆ ಕೆಲಸ. ಇದಕ್ಕಿಂತ ಆಳಕ್ಕೆ ಹೋಗಬೇಡಿ. ವಿಂಡೋಸ್‌ನಲ್ಲಿ ಫೋಲ್ಡರ್‌ಗಳ ಹೆಸರೆಲ್ಲ ಸೇರಿ 260 ಅಕ್ಷರ ದಾಟಿದರೆ ಕೆಲವು ಪ್ರೋಗ್ರಾಂಗಳು ಫೈಲ್ ತೆರೆಯದೆ ಮುಷ್ಕರ ಹೂಡುತ್ತವೆ.

ಈಗ ನಿಮ್ಮ ಆಫೀಸಿನ ಅತಿ ಅಪಾಯದ ಫೈಲ್ ಹುಡುಕಿ. ಎಲ್ಲ ಗ್ರಾಹಕರ ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನ ಪಾಸ್‌ವರ್ಡ್ ಬರೆದಿಟ್ಟ ಎಕ್ಸೆಲ್ ಶೀಟ್ ಇರುತ್ತದಲ್ವಾ, ಅದೇ. ಎಷ್ಟೋ ಆಫೀಸುಗಳಲ್ಲಿ ಅದು ಡೆಸ್ಕ್‌ಟಾಪ್ ಮೇಲೇ ಇರುತ್ತದೆ. ಅದು ಒಬ್ಬರ ಕೈ ಸೇರಿದರೆ ನಿಮ್ಮನ್ನು ನಂಬಿದ ಅಷ್ಟೂ ವ್ಯಾಪಾರಿಗಳ ಲೆಕ್ಕಪತ್ರ ಬೀದಿಗೆ ಬಿದ್ದಂತೆ. ಅದನ್ನು ಪಾಸ್‌ವರ್ಡ್ ಮ್ಯಾನೇಜರ್‌ಗೆ ಸಾಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಸದ್ಯಕ್ಕೆ ಆಗದಿದ್ದರೆ ಅದಕ್ಕೆಂದೇ ಒಂದು ಫೋಲ್ಡರ್ ಮಾಡಿ, ನಿಜವಾಗಿ ಬೇಕಾದ ಒಬ್ಬಿಬ್ಬರಿಗೆ ಮಾತ್ರ ತೆರೆದಿಡಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ಸೂಚನೆ. ಯೂನಿಕೋಡ್ ಕನ್ನಡದಲ್ಲಿ ಫೈಲ್ ಹೆಸರಿಟ್ಟರೆ ಸರ್ವರ್‌ಗೆ ತೊಂದರೆಯಿಲ್ಲ. ಆದರೆ ಹಳೆ ನುಡಿ ಫಾಂಟಿನಲ್ಲಿ, ಆಸ್ಕಿಯಲ್ಲಿ ಟೈಪ್ ಮಾಡಿದ ಪತ್ರಗಳ ಒಳಗಿನ ಮಾತು ಸರ್ವರ್‌ನ ಹುಡುಕಾಟಕ್ಕೆ ಸಿಗುವುದಿಲ್ಲ. ಅಂಥ ಫೈಲ್‌ಗಳ ಹೆಸರಿನಲ್ಲೇ ಗ್ರಾಹಕರ ಹೆಸರು, ವಿಷಯ, ತಾರೀಕು ಬರುವಂತೆ ನೋಡಿಕೊಳ್ಳಿ.

ಕಂಪ್ಯೂಟರ್‌ಗಳಿಗೆ ಜೋಡಿಸುವುದು

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ದಿಸ್ ಪಿಸಿ’ ತೆರೆದು ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಒತ್ತಿ. ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಡ್ರೈವ್ ಅಕ್ಷರ ಆರಿಸಿ. ಒಬ್ಬರಿಗೆ ಝಡ್, ಇನ್ನೊಬ್ಬರಿಗೆ ವೈ ಆದರೆ ಎಕ್ಸೆಲ್ ಲಿಂಕ್‌ಗಳು ಹಾಳು. ‘ಬೇರೆ ಕ್ರೆಡೆನ್ಶಿಯಲ್ಸ್ ಬಳಸು’ ಎಂಬ ಆಯ್ಕೆಗೆ ಟಿಕ್ ಹಾಕಿ, ನ್ಯಾಸ್‌ನಲ್ಲಿ ಮಾಡಿದ ಹೆಸರು, ಪಾಸ್‌ವರ್ಡ್ ಕೊಡಿ. ವಿಂಡೋಸ್ ತೆರೆಯಲು ಒತ್ತುವ ಪಿನ್ ಇಲ್ಲಿ ನಡೆಯುವುದಿಲ್ಲ.

ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು, ಅದೇ ಕಂಪ್ಯೂಟರ್‌ನಿಂದ ಮೊದಲು ಬೇರೆ ಹೆಸರಿನಲ್ಲಿ ಸರ್ವರ್‌ಗೆ ಹೋಗಿದ್ದರೆ ವಿಂಡೋಸ್ ಎರಡನೇ ಹೆಸರನ್ನು ಒಪ್ಪುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೆಯದನ್ನು ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಎರಡು, ತೀರಾ ಹಳೆ ಸ್ಕ್ಯಾನರ್ ಅಥವಾ ವಿಂಡೋಸ್ ಎಕ್ಸ್‌ಪಿ ಯಂತ್ರ ಜೋಡಿಸಿಕೊಳ್ಳದಿದ್ದರೆ, ಫೈಲ್ ಹಂಚಿಕೆಯ ಹಳೆ ಪದ್ಧತಿಯಾದ ಎಸ್‌ಎಂಬಿ 1 ಆನ್ ಮಾಡಿ ಅಂತ ಯಾರೋ ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಜಗತ್ತಿನಾದ್ಯಂತ ಹರಡಿದ್ದು ಇದೇ ಹಳೆ ಬಾಗಿಲಿನ ದೋಷದಿಂದ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅದಕ್ಕೆ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ಹಳೆ ಯಂತ್ರವನ್ನು ಬದಲಿಸುವುದೇ ಅಗ್ಗ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ವಿಷಯಕ್ಕೆ ಬರೋಣ. ಹಲವರು ಒಟ್ಟಿಗೆ ಒಂದೇ ಕಂಪನಿಯ ಲೆಕ್ಕ ತೆರೆಯಬೇಕಾದರೆ ಸಿಲ್ವರ್ ಸಾಲದು, ಗೋಲ್ಡ್ ಲೈಸೆನ್ಸ್ ಬೇಕು. ಚಾಲ್ತಿ ಡೇಟಾವನ್ನು ನ್ಯಾಸ್‌ನಲ್ಲಿಟ್ಟರೂ ನಡೆಯುತ್ತದೆ. ಆದರೆ ದಿನವಿಡೀ ನಾಲ್ಕೈದು ಜನ ಎಂಟ್ರಿ ಮಾಡುವ ಆಫೀಸಾದರೆ, ಡೇಟಾ ಒಂದು ವಿಂಡೋಸ್ ಯಂತ್ರದ ಎಸ್‌ಎಸ್‌ಡಿಯಲ್ಲಿರಲಿ, ಅದರ ಬ್ಯಾಕಪ್ ದಿನವೂ ನ್ಯಾಸ್‌ಗೆ ಬರಲಿ ಅನ್ನುವುದು ನನ್ನ ಅಭಿಪ್ರಾಯ. ಟ್ಯಾಲಿ ತೆರೆದಿರುವಾಗ ಡೇಟಾ ಫೋಲ್ಡರ್ ಸುಮ್ನೆ ಕಾಪಿ ಮಾಡಿದರೆ ಅರೆಬರೆ ಪ್ರತಿ ಬರಬಹುದು. ಎಲ್ಲರೂ ಮುಚ್ಚಿದ ಮೇಲೆ ಡೇಟಾ ಮೆನುವಿನ ಬ್ಯಾಕಪ್ ಬಳಸಿ. ಟ್ಯಾಲಿಗೆ ವೈಫೈ ಬೇಡ. ಗೂಗಲ್ ಡ್ರೈವ್, ಒನ್‌ಡ್ರೈವ್ ಸಿಂಕ್ ಆಗುವ ಫೋಲ್ಡರ್‌ನಲ್ಲಂತೂ ಆ ಡೇಟಾ ಇಡಲೇಬೇಡಿ.

ಬ್ಯಾಕಪ್ ಮೊದಲು, ಫೈಲ್ ಆಮೇಲೆ

ಹೆಚ್ಚಿನವರು ಫೈಲ್ ಎಲ್ಲ ಸರ್ವರ್‌ಗೆ ತುಂಬಿ, ಬ್ಯಾಕಪ್ ಮುಂದಿನ ತಿಂಗಳು ನೋಡೋಣ ಅನ್ನುತ್ತಾರೆ. ಆ ಮುಂದಿನ ತಿಂಗಳು ಬರುವುದೇ ಇಲ್ಲ. ಖಾಲಿ ಸರ್ವರ್‌ನಲ್ಲೇ ಬ್ಯಾಕಪ್ ವ್ಯವಸ್ಥೆ ಮಾಡಿ, ಪರೀಕ್ಷಿಸಿ, ಆಮೇಲೆ ಫೈಲ್ ಹಾಕಿ.

ರೇಡ್ 1 ಬ್ಯಾಕಪ್ ಅಲ್ಲ. ಅದು ಒಂದು ಡಿಸ್ಕ್ ಕೆಟ್ಟಾಗ ಮಾತ್ರ ಕಾಯುತ್ತದೆ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಗುತ್ತದೆ. ಅದಕ್ಕೇ ಸ್ನ್ಯಾಪ್‌ಶಾಟ್ ಬೇಕು. ಗಂಟೆಗೊಮ್ಮೆ ಫೋಲ್ಡರ್‌ಗಳ ಸ್ಥಿತಿಯನ್ನು ನ್ಯಾಸ್ ನೆನಪಿಟ್ಟುಕೊಳ್ಳುತ್ತದೆ. ಮಧ್ಯಾಹ್ನ ಯಾರೋ ಶೀಟ್ ಮೇಲೆ ಶೀಟ್ ಬರೆದುಬಿಟ್ಟರೆ, ಬೆಳಗಿನ ಪ್ರತಿಯನ್ನು ಎರಡು ನಿಮಿಷದಲ್ಲಿ ಎಳೆದುಕೊಳ್ಳಬಹುದು. ಗಂಟೆಯ ಪ್ರತಿಗಳನ್ನು ಎರಡು ದಿನ, ದಿನದ ಪ್ರತಿಗಳನ್ನು ಒಂದು ತಿಂಗಳು ಉಳಿಸುವಂತೆ ಸೆಟ್ ಮಾಡಿ.

ಆದರೆ ಪೆಟ್ಟಿಗೆಯೇ ಕಳವಾದರೆ, ನೀರು ನುಗ್ಗಿದರೆ ಸ್ನ್ಯಾಪ್‌ಶಾಟ್ ಕೂಡ ಅದರೊಟ್ಟಿಗೇ ಹೋಗುತ್ತದೆ. ಎರಡು ಯುಎಸ್‌ಬಿ ಹಾರ್ಡ್‌ಡಿಸ್ಕ್ ತನ್ನಿ. ನ್ಯಾಸ್‌ನಲ್ಲೇ ಇರುವ ಬ್ಯಾಕಪ್ ಪ್ರೋಗ್ರಾಂನಿಂದ ದಿನಾ ರಾತ್ರಿ ಒಂದಕ್ಕೆ ಬರೆಯಲಿ. ಇನ್ನೊಂದು ಪಾರ್ಟ್‌ನರ್ ಮನೆಯ ಬೀರುವಿನಲ್ಲಿರಲಿ. ಪ್ರತಿ ಶನಿವಾರ ಅದಲು ಬದಲು. ಎರಡನ್ನೂ ಎನ್‌ಕ್ರಿಪ್ಟ್ ಮಾಡಿ, ಅದರ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ.

ಇದರ ಮೇಲೆ ಕ್ಲೌಡ್ ಬ್ಯಾಕಪ್ ಒಂದಿದ್ದರೆ ಇನ್ನೂ ನಿಶ್ಚಿಂತೆ. ಮೊದಲ ಸಲಕ್ಕೆ ಸಮಯ ಇಟ್ಟುಕೊಳ್ಳಿ. 500 ಜಿಬಿಯನ್ನು 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸಲು ಎರಡು ದಿನಕ್ಕಿಂತ ಜಾಸ್ತಿ ಬೇಕು. ಕಾನೂನಿನ ಮಾತೂ ಇದೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಲೆಕ್ಕಪುಸ್ತಕಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿಡುವ ಕಂಪನಿಗಳು ಅವುಗಳ ಬ್ಯಾಕಪ್ಅನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಕಂಪನಿ ಗ್ರಾಹಕರ ಪುಸ್ತಕ ನೀವೇ ಬರೆಯುತ್ತಿದ್ದರೆ ಕ್ಲೌಡ್‌ನ ಜಾಗ ಆರಿಸುವಾಗ ಮುಂಬೈನಂಥ ಭಾರತದ ಕೇಂದ್ರವನ್ನೇ ಆರಿಸಿ.

ಈಗ ಪರೀಕ್ಷೆ. ಒಬ್ಬ ಗ್ರಾಹಕರ ಫೋಲ್ಡರ್ ಒಂದನ್ನು ಸರ್ವರ್‌ಗೆ ಹಾಕಿ, ರಾತ್ರಿ ಬ್ಯಾಕಪ್ ಆಗಲಿ. ಮರುದಿನ ಆ ಯುಎಸ್‌ಬಿ ಡಿಸ್ಕ್‌ನಿಂದ ಅದನ್ನು ಬೇರೊಂದು ಜಾಗಕ್ಕೆ ವಾಪಸ್ ತನ್ನಿ. ಹಸಿರು ಟಿಕ್ ನೋಡಿ ಸುಮ್ಮನಾಗಬೇಡಿ. ಎಕ್ಸೆಲ್ ತೆರೆಯಿರಿ, ಪಿಡಿಎಫ್ ತೆರೆಯಿರಿ, ಟ್ಯಾಲಿ ಬ್ಯಾಕಪ್ ರಿಸ್ಟೋರ್ ಮಾಡಿ ಬ್ಯಾಲೆನ್ಸ್ ಶೀಟ್ ಮೊತ್ತ ತಾಳೆಯಾಗುತ್ತದಾ ನೋಡಿ. ಇದನ್ನು ತಿಂಗಳಿಗೊಮ್ಮೆ, ಸಾಧ್ಯವಾದರೆ ಪ್ರತಿ ಸಲ ಬೇರೆಯವರು ಮಾಡಲಿ. ಆಗ ಅದು ಒಬ್ಬರಿಗಷ್ಟೇ ಗೊತ್ತಿರುವ ವಿದ್ಯೆಯಾಗುವುದಿಲ್ಲ.

ಹೊರಗಿನಿಂದ ಬೇಕು ಅಂದರೆ

ಮನೆಯಿಂದಲೂ ಫೈಲ್ ತೆರೆಯಬೇಕು ಅಂತ ಯಜಮಾನರು ಕೇಳಿಯೇ ಕೇಳುತ್ತಾರೆ. ರೌಟರ್‌ನಲ್ಲಿ ಪೋರ್ಟ್ ತೆರೆದು ನ್ಯಾಸ್ಅನ್ನು ನೇರವಾಗಿ ಇಂಟರ್‌ನೆಟ್‌ಗೆ ಬಿಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ, ಅದೇ ರೀತಿ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬೇಟೆಯಾಡಿದ್ದು ಹೀಗೆ ಹೊರಗೆ ಕಾಣುತ್ತಿದ್ದ ನ್ಯಾಸ್ ಪೆಟ್ಟಿಗೆಗಳನ್ನೇ. ಟೇಲ್‌ಸ್ಕೇಲ್ ಅಥವಾ ವೈರ್‌ಗಾರ್ಡ್‌ನಂಥ ವಿಪಿಎನ್ (ಹೊರಗಿನಿಂದ ಆಫೀಸಿಗೆ ಗುಪ್ತ ದಾರಿ) ಹಾಕಿ, ಬೇಕಾದವರ ಲ್ಯಾಪ್‌ಟಾಪ್‌ಗೆ ಮಾತ್ರ ಕೊಡಿ. ನ್ಯಾಸ್‌ನ ಅಡ್ಮಿನ್ ಲಾಗಿನ್‌ಗೆ ಎರಡು ಹಂತದ ಪರಿಶೀಲನೆ ಇರಲಿ. ದಿನದ ಕೆಲಸಕ್ಕೆ ಆ ಲಾಗಿನ್ ಬಳಸಬೇಡಿ.

ಫೈಲ್‌ಗಳನ್ನು ಸಾಗಿಸುವ ದಿನ

ಜಿಎಸ್‌ಟಿ ರಿಟರ್ನ್‌ಗಳ ಗಡುವು ಬರುವ ತಿಂಗಳ 11 ಮತ್ತು 20ರ ಆಸುಪಾಸಿನಲ್ಲಿ ಇದಕ್ಕೆ ಕೈ ಹಾಕಬೇಡಿ. ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನ ಗದ್ದಲವಿರುವ ಜುಲೈ ಕೊನೆಯ ವಾರವಂತೂ ಬೇಡವೇ ಬೇಡ. 20 ಕಳೆದ ಮೇಲಿನ ಶನಿವಾರ ಸಂಜೆ ಒಳ್ಳೆಯ ಹೊತ್ತು. ಒಮ್ಮೆಗೆ ಒಂದೇ ಕಂಪ್ಯೂಟರ್ ಹಿಡಿಯಿರಿ. ಮೂವ್ ಬೇಡ, ಕಾಪಿ ಮಾಡಿ. ಕಾಪಿಯಾದ ಮೇಲೆ ಎರಡೂ ಕಡೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳ ಸಂಖ್ಯೆ ಹೋಲಿಸಿ.

ಒಂದು ಎಕ್ಸೆಲ್ ಇನ್ನೊಂದರಿಂದ ಅಂಕಿ ಎಳೆದುಕೊಳ್ಳುತ್ತಿದ್ದರೆ, ಅದರೊಳಗೆ ಹಳೆ ಡಿ ಡ್ರೈವ್‌ನ ದಾರಿಯೇ ಉಳಿದಿರಬಹುದು. ಹಳೆ ಫೈಲ್ ಇನ್ನೂ ಅಲ್ಲೇ ಇರುವುದರಿಂದ ತಪ್ಪು ಕಾಣುವುದೂ ಇಲ್ಲ, ಹಳೆ ಅಂಕಿ ಬರುತ್ತಲೇ ಇರುತ್ತದೆ. ಎಕ್ಸೆಲ್‌ನ ಡೇಟಾ ಟ್ಯಾಬ್‌ನಲ್ಲಿ ‘ಎಡಿಟ್ ಲಿಂಕ್ಸ್’ ತೆರೆದು ಹೊಸ ಜಾಗ ತೋರಿಸಿ. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ‘ವರ್ಕ್‌ಬುಕ್ ಲಿಂಕ್ಸ್’.

ಕಾಪಿ ಮುಗಿದ ಹಳೆ ಫೋಲ್ಡರ್‌ಗಳ ಹೆಸರಿಗೆ ‘ಹಳೆಯದು–ಬಳಸಬೇಡಿ’ ಅಂತ ಸೇರಿಸಿ, ಓದಲು ಮಾತ್ರ ಆಗುವಂತೆ ಮಾಡಿ. ಹೆಸರು ಬದಲಾದ ತಕ್ಷಣ ಉಳಿದಿದ್ದ ಹಳೆ ಲಿಂಕ್‌ಗಳು ಎರರ್ ತೋರಿಸಿ ತಾವಾಗಿ ಸಿಕ್ಕಿಬೀಳುತ್ತವೆ. ಒಂದು ಪೂರ್ತಿ ಜಿಎಸ್‌ಟಿ ತಿಂಗಳು ಸರ್ವರ್‌ನಿಂದಲೇ ಮುಗಿಯಲಿ. ಆ ತಿಂಗಳ ಬ್ಯಾಕಪ್ಅನ್ನು ರಿಸ್ಟೋರ್ ಮಾಡಿ ನೋಡಿದ ಮೇಲೆ ಹಳೆ ಫೋಲ್ಡರ್‌ಗಳನ್ನು ಅಳಿಸಿಬಿಡಿ.